ಸೈಪ್ರಸ್ ಎರಡಾದದ್ದು 1974ರಲ್ಲಿಯೇ? ಉತ್ತರ ಸೈಪ್ರಸ್ಸನ್ನು ಜಗತ್ತು ದೇಶವೆಂದು ಏಕೆ ಒಪ್ಪಿಲ್ಲ?

1974ರಲ್ಲಿ ಟರ್ಕಿಯ ಸೇನೆ ಬಂದಿಳಿದು ಸೈಪ್ರಸ್ ದ್ವೀಪವನ್ನು ಎರಡು ಮಾಡಿತೆಂದು ಓದಿರುವುದಾಗಿ ಹೇಳಿ, ಇಷ್ಟು ವರ್ಷಗಳಾದರೂ ಉತ್ತರದ ಭಾಗಕ್ಕೆ ಮಾನ್ಯತೆ ಏಕಿಲ್ಲವೆಂದು ಕೇಳಿದ್ದೀರಿ. ನಾನು ಕೊಡಗಿನವನು. ನಮ್ಮ ಜನರಲ್ ಕೆ.ಎಸ್. ತಿಮ್ಮಯ್ಯನವರು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್ಸಿನಲ್ಲಿ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡದ್ದು 1965ರ ಡಿಸೆಂಬರ್ 18ರಂದು. ದ್ವೀಪ ಒಡೆದದ್ದು 1974ರಲ್ಲಾದರೆ ಅದಕ್ಕೂ ಒಂಬತ್ತು ವರ್ಷ ಮೊದಲೇ ಅಂಥ ಪಡೆಗೆ ಅಲ್ಲೇನು ಕೆಲಸವಿತ್ತು ಎಂಬ ಪ್ರಶ್ನೆಯೇ ನನ್ನನ್ನು ಈ ಇತಿಹಾಸದ ಓದಿಗೆ ಹಚ್ಚಿತು.

1960ರಲ್ಲಿ ಬ್ರಿಟನ್ನಿನಿಂದ ಬಿಡುಗಡೆ ಪಡೆದಾಗ ದ್ವೀಪದ ಜನರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಗ್ರೀಕರು, ಶೇಕಡಾ 18ರಷ್ಟು ಟರ್ಕರು ಇದ್ದರು. ಗ್ರೀಕರಲ್ಲಿ ಬಹುಮಂದಿಯ ಕನಸು ಗ್ರೀಸಿನೊಡನೆ ವಿಲೀನ, ಅಂದರೆ ‘ಎನೋಸಿಸ್’. ಟರ್ಕರ ನಾಯಕರು ಬಯಸಿದ್ದು ‘ತಕ್ಸಿಮ್’, ನಮ್ಮ ಉರ್ದುವಿನಲ್ಲೂ ವಿಭಜನೆಗೆ ಇರುವ ಅದೇ ಪದ. ಇವೆರಡನ್ನೂ ನಿಷೇಧಿಸಿ, ಗ್ರೀಕ್ ಅಧ್ಯಕ್ಷ, ನಿರ್ಣಯಗಳನ್ನು ತಡೆಹಿಡಿಯುವ ಅಧಿಕಾರವುಳ್ಳ ಟರ್ಕ್ ಉಪಾಧ್ಯಕ್ಷ, ಸರ್ಕಾರಿ ನೌಕರಿಯಲ್ಲಿ 70ಕ್ಕೆ 30ರ ಹಂಚಿಕೆ ಎಂಬ ಏರ್ಪಾಡನ್ನು ಹೊರಗಿನವರೇ ಕಟ್ಟಿಕೊಟ್ಟರು. ಬ್ರಿಟನ್, ಗ್ರೀಸ್ ಮತ್ತು ಟರ್ಕಿ ಅದಕ್ಕೆ ಖಾತರಿದಾರರಾದವು. ಅಧ್ಯಕ್ಷರಾಗಿದ್ದ ಆರ್ಚ್‌ಬಿಷಪ್ ಮಕಾರಿಯೋಸ್ 1963ರ ನವೆಂಬರಿನಲ್ಲಿ ಟರ್ಕರ ಈ ಹಕ್ಕುಗಳನ್ನು ಮೊಟಕುಗೊಳಿಸುವ ಹದಿಮೂರು ತಿದ್ದುಪಡಿಗಳನ್ನು ಮುಂದಿಟ್ಟರು, ಡಿಸೆಂಬರಿನಲ್ಲಿ ಎರಡೂ ಸಮುದಾಯಗಳ ನಡುವೆ ರಕ್ತಪಾತವಾಯಿತು. ಇಬ್ಬರನ್ನೂ ಬೇರ್ಪಡಿಸಲು ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಅದಕ್ಕೆ ‘ಹಸಿರು ಗೆರೆ’ ಎಂಬ ಹೆಸರು ಇಂದಿಗೂ ಉಳಿದಿದೆ. ಸುಮಾರು 25,000 ಟರ್ಕರು ತಮ್ಮ ಊರುಗಳನ್ನು ಬಿಟ್ಟು ಕಾವಲಿನ ಕೇರಿಗಳಲ್ಲಿ ಗುಂಪುಗೂಡಿದರು. ತಿಮ್ಮಯ್ಯನವರು ಕಾಯಬೇಕಾಗಿದ್ದುದು ಇಂಥ ದ್ವೀಪವನ್ನು. 1974ರ ಕಥೆಯನ್ನು ಮಾತ್ರ ಹೇಳುವವರು ಈ ಹತ್ತು ವರ್ಷಗಳನ್ನು ಬಿಟ್ಟುಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆಮೇಲಿನದು ಹೆಚ್ಚು ಪರಿಚಿತ. ಗ್ರೀಸಿನ ಸೇನಾಡಳಿತದ ಕುಮ್ಮಕ್ಕಿನಿಂದ 1974ರ ಜುಲೈ 15ರಂದು ಮಕಾರಿಯೋಸರನ್ನು ಸೇನಾದಂಗೆಯಲ್ಲಿ ಪದಚ್ಯುತಗೊಳಿಸಲಾಯಿತು. ಐದೇ ದಿನಗಳಲ್ಲಿ ಟರ್ಕಿ ಖಾತರಿಯ ಹಕ್ಕನ್ನು ಮುಂದುಮಾಡಿ ಸೇನೆ ಇಳಿಸಿತು. ಆ ಮೊದಲ ಹೆಜ್ಜೆಯ ಬಗ್ಗೆ ವಾದಿಸಲು ಅವಕಾಶವಿದೆ. ಆದರೆ ದಂಗೆಯ ಸರ್ಕಾರವೂ ಗ್ರೀಸಿನ ಸೇನಾಡಳಿತವೂ ಬಿದ್ದುಹೋದ ಮೇಲೆ, ಆಗಸ್ಟ್ 14ರಂದು ಮತ್ತೆ ಮುನ್ನುಗ್ಗಿ ದ್ವೀಪದ ಮೂರನೇ ಒಂದಕ್ಕಿಂತ ಹೆಚ್ಚಿನ ಭಾಗವನ್ನು ಹಿಡಿದುಕೊಂಡದ್ದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೆ ಓಡಿಬಂದರು, ದಕ್ಷಿಣದ ಟರ್ಕರು ಉತ್ತರಕ್ಕೆ ಹೋದರು.

ಮಾನ್ಯತೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. 1983ರ ನವೆಂಬರ್ 15ರಂದು ದ್ವೀಪದ ಟರ್ಕರ ನಾಯಕ ರೌಫ್ ಡೆಂಕ್ಟಾಶ್ ನೇತೃತ್ವದಲ್ಲಿ ‘ಉತ್ತರ ಸೈಪ್ರಸ್ ಟರ್ಕಿಶ್ ಗಣರಾಜ್ಯ’ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಭದ್ರತಾ ಮಂಡಳಿ ತನ್ನ 541ನೇ ನಿರ್ಣಯದಲ್ಲಿ ಅದು ಕಾನೂನುಬದ್ಧವಲ್ಲವೆಂದು ಸಾರಿ, ಅದನ್ನು ಮಾನ್ಯ ಮಾಡಬಾರದೆಂದು ಎಲ್ಲ ದೇಶಗಳನ್ನೂ ಕೋರಿತು. ಬಲಪ್ರಯೋಗದಿಂದ ಹಿಡಿದ ನೆಲದ ಮೇಲೆ, ವಿಭಜನೆಯನ್ನೇ ನಿಷೇಧಿಸಿದ ಒಪ್ಪಂದಕ್ಕೆ ವಿರುದ್ಧವಾಗಿ ಹುಟ್ಟಿದ ಆಡಳಿತವನ್ನು ಇಂದಿಗೂ ದೇಶವೆಂದು ಒಪ್ಪಿರುವುದು ಟರ್ಕಿಯೊಂದೇ.

ಈ ನಿಲುವು ನ್ಯಾಯವೆಂದೇ ನಾನು ನಂಬಿದ್ದರೂ ಅದರ ಭಾರ ಬಿದ್ದಿರುವುದು ಅಲ್ಲಿನ ಸಾಮಾನ್ಯರ ಮೇಲೆ. 2004ರ ಏಪ್ರಿಲಿನಲ್ಲಿ ಮತ್ತೆ ಒಂದಾಗುವ ಯೋಜನೆಯ ಬಗ್ಗೆ ಎರಡೂ ಕಡೆ ಜನಮತಗಣನೆ ನಡೆದಾಗ ಟರ್ಕಿಶ್ ಸೈಪ್ರಿಯಟರಲ್ಲಿ ಶೇಕಡಾ 65ರಷ್ಟು ಮಂದಿ ಒಪ್ಪಿದರು, ಗ್ರೀಕ್ ಸೈಪ್ರಿಯಟರಲ್ಲಿ ಶೇಕಡಾ 76ರಷ್ಟು ಮಂದಿ ತಿರಸ್ಕರಿಸಿದರು. ತಿರಸ್ಕರಿಸಿದವರ ಸರ್ಕಾರ ಒಂದು ವಾರದಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. ಉತ್ತರದ ಎರ್ಜಾನ್ ನಿಲ್ದಾಣದ ವಿಮಾನಗಳು ಇಂದಿಗೂ ಟರ್ಕಿಯ ಮೂಲಕವೇ ಹೋಗಿಬರಬೇಕು. ಅಲ್ಲಿಗೆ ಬರೆದ ಕಾಗದವೂ ಟರ್ಕಿಯ ಮೆರ್ಸಿನ್ ಮಾರ್ಗವಾಗಿಯೇ ತಲುಪುತ್ತದೆ.