ಲಾಲ್‌ಬಾಗ್ ಬಂಡೆಯ ಮೇಲೆ ಶುರುವಾದ ಮಾತು

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ದಂಪತಿಯೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಅವರಿಗೆ 61, ಆಕೆಗೆ 57. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡಿ ನಿವೃತ್ತರಾದವರು. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ.

"ಇವರು ಬೆಳಗ್ಗೆ ಟಿವಿ ಮುಂದೆ ಕೂತರೆ ರಾತ್ರಿವರೆಗೂ ಅಲ್ಲೇ ಮೇಡಂ. ಏನು ಕೇಳಿದರೂ ಬರೀ ಹೂಂ," ಅಂದರು ಆಕೆ.

"ಏನಂತ ಮಾತಾಡಲಿ ಮೇಡಂ? ಹೇಳೋಕೆ ಏನೂ ಇಲ್ಲ," ಅಂದರು ಅವರು.

ನಿದ್ದೆ, ಊಟ, ಕುಡಿತ, ಬದುಕು ಬೇಡವೆನಿಸುವ ಯೋಚನೆ ಎಲ್ಲವನ್ನೂ ವಿಚಾರಿಸಿದೆ. ಮನೋವೈದ್ಯರ ಬಳಿ ಕಳಿಸಬೇಕಾದಂಥದ್ದು ಕಾಣಲಿಲ್ಲ. ಇಬ್ಬರಲ್ಲಿ ದ್ವೇಷವೂ ಇರಲಿಲ್ಲ, ಮಾತಿಗೆ ಸರಕೇ ತೀರಿಹೋಗಿತ್ತು.

ದಿನಾ ಅರ್ಧ ಗಂಟೆ ಎದುರುಬದುರು ಕೂತು ಮಾತಾಡಿ ಎಂದೆ. ಅದು ನನ್ನ ತಪ್ಪು. ಮೂರನೆಯ ದಿನವೇ ಕರೆಂಟ್ ಬಿಲ್ಲಿನ ವಿಷಯಕ್ಕೆ ಜಗಳವಾಯಿತು.

ಆಮೇಲೆ ಬೇರೆ ದಾರಿ ಹಿಡಿದೆ. ಹದಿನೈದು ದಿನಕ್ಕೊಮ್ಮೆ, ಊರೊಳಗೇ, ಇಬ್ಬರೂ ಸರಿಯಾಗಿ ನೋಡದ ಒಂದು ಜಾಗಕ್ಕೆ ಹೋಗಿ ಬನ್ನಿ, ಮಕ್ಕಳನ್ನು ಶಾಲೆಯಿಂದ ಪ್ರವಾಸಕ್ಕೆ ಕರೆದೊಯ್ಯುತ್ತಾರಲ್ಲ ಹಾಗೆ, ಎಂದೆ. ಅವರು ಆರಿಸಿದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಯಂತ್ರಗಳ ಬಗ್ಗೆ ಬಲ್ಲವರು, ಪಾಠ ಶುರು ಮಾಡಿದರು. ಆಕೆ ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ಅದನ್ನು ಕೇಳಿದ ಮೇಲೆ ಒಂದೇ ನಿಯಮ ಹಾಕಿದೆ: ಇಬ್ಬರಿಗೂ ಗೊತ್ತಿಲ್ಲದ್ದನ್ನೇ ನೋಡಬೇಕು.

ಮುಂದಿನ ಸಲ ಲಾಲ್‌ಬಾಗ್. ಫಲಪುಷ್ಪ ಪ್ರದರ್ಶನಕ್ಕೆ ಎಷ್ಟೋ ಸಲ ಹೋಗಿದ್ದವರು, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಬಗ್ಗಿ ನೋಡಿರಲಿಲ್ಲ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ (gneiss) ಶಿಲೆ, ಅಂದರೆ ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು; ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಿಳಿ, ಕಪ್ಪು ಪಟ್ಟೆಗಳ ಮೇಲೆ ಬೆರಳಾಡಿಸುತ್ತ ಆಕೆ, "ರೀ, ಮೈದಾಹಿಟ್ಟು ರಾಗಿಹಿಟ್ಟು ಸರಿಯಾಗಿ ಕಲಸದೆ ತಟ್ಟಿದ ಹಾಗಿದೆ ನೋಡ್ರಿ," ಅಂದರಂತೆ. ಕಲ್ಲು ಹಿಟ್ಟಿನ ಹಾಗೆ ಮೆತ್ತಗಾಗಬೇಕಾದರೆ ಎಷ್ಟು ಶಾಖ, ಎಷ್ಟು ಒತ್ತಡ ಬೇಕು ಎಂಬ ಲೆಕ್ಕಕ್ಕೆ ಅವರು ಬಿದ್ದರು. ಮನೆ ಮುಟ್ಟುವವರೆಗೂ ಅದೇ ಮಾತು. ನನ್ನೆದುರು ಇದನ್ನು ಹೇಳುವಾಗಲೂ ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ಎದುರು ಕೂತಾಗ ಹಳೆಯ ದೂರುಗಳೇ ನೆನಪಾಗುತ್ತವೆ. ಪಕ್ಕದಲ್ಲಿ ನಿಂತು ಮೂರನೆಯದೊಂದನ್ನು ನೋಡುವಾಗ ಇಬ್ಬರೂ ಸಮ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಮೂರನೆಯ ಸಲ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದ ಸುಮಾರು 1,100 ವರ್ಷ ಹಳೆಯ ಶಾಸನದಲ್ಲಿ 'ಬೆಂಗಳೂರ ಕಾಳಗ' ಎಂಬ ಮಾತಿದೆ. ಹಳಗನ್ನಡದ ಲಿಪಿ ಇಬ್ಬರಿಗೂ ಬಾರದು. ಗುರುತು ಸಿಕ್ಕಿದ ಒಂದೆರಡು ಅಕ್ಷರಗಳನ್ನು ಆಕೆ ದಿನಸಿ ಚೀಟಿಯ ಹಿಂದೆ ಬರೆದುಕೊಂಡು ಬಂದು ನನಗೆ ತೋರಿಸಿದರು.

ಈಗ ಹೇಳಿರುವುದಿಷ್ಟು: ಜಾಗವನ್ನು ಸರದಿಯ ಮೇಲೆ ಆರಿಸಿ. ಒಂದು ದಿನಕ್ಕೆ ಒಂದೇ ಜಾಗ ಸಾಕು, ಆಕೆಗೆ ಮಂಡಿನೋವಿದೆ. ಫೋಟೋ ಕೊನೆಗೆ ತೆಗೆಯಿರಿ. ಅಲ್ಲಿನ ಅರ್ಚಕರನ್ನೋ ಮಾಲಿಯನ್ನೋ ಒಂದು ಪ್ರಶ್ನೆಯಾದರೂ ಕೇಳಿ ಬನ್ನಿ. ಪಕ್ಕದ ಮನೆಯ ಒಂಟಿ ಹೆಂಗಸನ್ನು ಕರೆದೊಯ್ಯಬಹುದೇ ಎಂದು ಆಕೆ ಕೇಳಿದರು. ಖಂಡಿತ ಎಂದೆ.

ಟಿವಿ ಇನ್ನೂ ನಡೆಯುತ್ತಿದೆ. ಎರಡು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದೇನೆ. ಮುಂದಿನ ಜಾಗ ಆರಿಸುವ ಸರದಿ ಆಕೆಯದು.