ಸೇಂಟ್ ಹೆಲೆನ್ಸ್ ಜ್ವಾಲಾಮುಖಿಗೆ ಹೊಸಬರನ್ನು ಕರೆದೊಯ್ಯುವ ಮುನ್ನ ಅವರಿಗೆ ಎಷ್ಟು ವಾರ ತರಬೇತಿ ಬೇಕು?

ಮೇ ತಿಂಗಳ ಹಿಮದಲ್ಲಿ ಒಮ್ಮೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಹತ್ತಿ ಮನಸೋತಿದ್ದೀರಿ. ಈಗ ಆಗಸ್ಟ್‌ನಲ್ಲಿ, ಇಂಥ ಬೆಟ್ಟ ಹತ್ತಿಯೇ ಗೊತ್ತಿಲ್ಲದ ನಾಲ್ವರು ಗೆಳೆಯರನ್ನು ಕರೆದೊಯ್ಯಬೇಕೆಂದಿದ್ದೀರಿ. ನಿಮ್ಮ ಪ್ರಶ್ನೆ ಓದಿ ನನ್ನ ಎದೆ ಧಸಕ್ಕೆಂದಿತು. ಅದೇ ಬೆಟ್ಟ, ಅವೇ ಎರಡು ತಿಂಗಳು, ಅದೇ ಹುಮ್ಮಸ್ಸು. ನಾನು ಕರೆದೊಯ್ದದ್ದು ಅಕ್ಕ, ಭಾವ ಮತ್ತು ಅವರ ಮಗನನ್ನು.

ಭಾವ ಸಾಗರದ ಕಡೆಯ ಅಡಿಕೆ ಬೆಳೆಗಾರರು. ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಹೊಡೆಸಿ, ತೋಟವನ್ನು ತಮ್ಮನಿಗೆ ಒಪ್ಪಿಸಿ ಪೋರ್ಟ್‌ಲ್ಯಾಂಡಿನ ನಮ್ಮ ಮನೆಗೆ ಬಂದಿದ್ದರು. ಸೊಪ್ಪಿನಬೆಟ್ಟ ಹತ್ತಿಳಿದು ಬೆಳೆದ ಕಾಲು ಅವರದು. ಅಕ್ಕನೂ ನಡಿಗೆಯಲ್ಲಿ ಏನೂ ಕಡಿಮೆಯಿಲ್ಲ. ಕೊಡಚಾದ್ರಿ ಬಿಟ್ಟರೆ ಬೇರೆ ಬೆಟ್ಟ ಹತ್ತಿದವರಲ್ಲ, ನಿಜ. ಆದರೆ ನೀವು ಕೇಳುತ್ತಿರುವ ತರಬೇತಿ ಅವರ ಮೈಯಲ್ಲಿ ಹುಟ್ಟಿನಿಂದಲೇ ಇತ್ತು. ಆದರೂ ಭಾವ ಮುರಿದ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಊರಿಗೆ ಮರಳಬೇಕಾಯಿತು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಗೆಳೆಯರ ಕಾಲಿನ ಬಲ ಇಲ್ಲಿ ಎರಡನೆಯ ಮಾತು. ನಾನು ಹೆದರುವುದು ನಿಮ್ಮ ತಲೆಯಲ್ಲಿರುವ ಮೇ ತಿಂಗಳ ಬೆಟ್ಟಕ್ಕೆ.

ನಾನು ಮೊದಲು ಹತ್ತಿದ್ದು ವರ್ಮ್ ಫ್ಲೋಸ್ ಎಂಬ ಚಳಿಗಾಲದ ದಾರಿಯಲ್ಲಿ, ಮಾರ್ಬಲ್ ಮೌಂಟನ್ ಕಡೆಯಿಂದ. ನೀವೂ ಬಹುಶಃ ಅಲ್ಲಿಂದಲೇ ಹೋಗಿರುತ್ತೀರಿ. ಬೇಸಿಗೆಯ ದಾರಿ ಶುರುವಾಗುವ ಕ್ಲೈಂಬರ್ಸ್ ಬಿವುವಾಕ್ ಎಂಬ ಮೇಲಿನ ಜಾಗಕ್ಕೆ ಹೋಗುವ ರಸ್ತೆ ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಹಿಮದಡಿ ಮುಚ್ಚಿರುತ್ತದೆ. ಮುಂದೆ ಹೋದವರು ಹಿಮದಲ್ಲಿ ಒದ್ದು ಮಾಡಿದ ಮೆಟ್ಟಿಲುಗಳಿದ್ದವು, ತಣ್ಣನೆಯ ಗಾಳಿಯಿತ್ತು. ಬಾಟಲಿ ಅರ್ಧ ಖಾಲಿಯಾದರೆ ಒಂದು ಹಿಡಿ ಹಿಮ ತುರುಕಿದರೆ ಆಯಿತು. ಇಳಿಯುವಾಗ ಕುಳಿತು ಜಾರುತ್ತಾ ಬಂದೆವು. ಗಂಟೆಗಟ್ಟಲೆ ಹತ್ತಿದ್ದು ನೋಡನೋಡುತ್ತಿದ್ದಂತೆ ಮುಗಿದುಹೋಯಿತು. ಆ ಬೆಟ್ಟವನ್ನೇ ನಾನು ಅಕ್ಕನಿಗೆ ಬಣ್ಣಿಸಿದ್ದು. "ಹತ್ತುವುದಷ್ಟೇ ಕಷ್ಟ ಅಕ್ಕ, ಇಳಿಯುವುದು ಏನೂ ಅಲ್ಲ" ಎಂದು ನಾನೇ ನನ್ನ ಬಾಯಾರೆ ಹೇಳಿದ್ದೆ.

ಆಗಸ್ಟ್‌ನ ದಾರಿಯೇ ಬೇರೆ. ಮಾನಿಟರ್ ರಿಡ್ಜ್. ಹತ್ತುವ ಎಂಟು ಕಿಲೋಮೀಟರಿನಲ್ಲಿ ಸುಮಾರು 4,500 ಅಡಿ ಏರಬೇಕು. ಮೊದಲ ಮೂರು ಕಿಲೋಮೀಟರ್ ಕಾಡಿನ ನೆರಳಿನಲ್ಲಿ ಸಲೀಸಾದ ನಡಿಗೆ. ಸುಮಾರು 4,800 ಅಡಿ ಎತ್ತರದಲ್ಲಿ ಮರಗಳು ಮುಗಿಯುತ್ತವೆ. ಅಲ್ಲಿಂದ ಮೇಲೆ ಪರವಾನಗಿ ಬೇಕು, ಅಲ್ಲಿಂದ ಮೇಲೆ ನೆರಳೂ ಇಲ್ಲ, ನೀರೂ ಇಲ್ಲ. ಹಳೆಯ ಲಾವಾ ಒಡೆದು ಬಿದ್ದ ಕರಿಬಂಡೆಗಳ ರಾಶಿಯ ನಡುವೆ ನೆಟ್ಟ ಮರದ ಕಂಬಗಳನ್ನು ಹುಡುಕಿಕೊಂಡು, ಎರಡೂ ಕೈ ಊರಿ ಹತ್ತಬೇಕು. ಅದಾದ ಮೇಲೆ ಕೊನೆಯ ಸಾವಿರ ಅಡಿ ಬರೀ ಬೂದಿ ಮತ್ತು ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಹರಳು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ. ಭಾವ ನಿಂತು ಉಸಿರು ತೆಗೆದುಕೊಂಡು, "ಕಣದಲ್ಲಿ ಸುರಿದ ಭತ್ತದ ರಾಶಿ ಹತ್ತಿದ ಹಾಗೆ ಆಗುತ್ತಿದೆಯಲ್ಲೋ" ಎಂದರು.

ಇದನ್ನೆಲ್ಲ ನಾನು ಓದಿಕೊಂಡಿರಲಿಲ್ಲ ಎಂದಲ್ಲ, ಓದಿದ್ದೆ. ಆದರೆ ಕಣ್ಣಾರೆ ಕಂಡಿದ್ದೇನೆ ಎಂಬ ಧೈರ್ಯದ ಮುಂದೆ ಓದಿದ್ದು ನಿಲ್ಲಲಿಲ್ಲ. ನನ್ನ ಒಂದೊಂದು ಲೆಕ್ಕವೂ ಹಿಮವನ್ನು ನಂಬಿ ಹಾಕಿದ್ದಾಗಿತ್ತು. ಮೇ ತಿಂಗಳಲ್ಲಿ ಬಂಡೆಗಳ ಸಂದುಗಳನ್ನು ತುಂಬಿದ್ದು ಹಿಮ. ಬೂದಿಯನ್ನು ಅಲುಗದಂತೆ ಹಿಡಿದಿಟ್ಟಿದ್ದು ಹಿಮ. ನೀರು ಕೊಟ್ಟಿದ್ದು, ತಂಪು ಕೊಟ್ಟಿದ್ದು, ಕೊನೆಗೆ ಎತ್ತಿ ಕೆಳಗೆ ತಂದುಬಿಟ್ಟಿದ್ದು ಎಲ್ಲ ಹಿಮವೇ. ಅಂದು ನಸುಕಿಗೆ ಮೊದಲೇ ಹೊರಟಿದ್ದೆವು, ಏಕೆಂದರೆ ಬಿಸಿಲೇರಿದರೆ ಹಿಮ ಕರಗಿ ಕಾಲು ಹೂತುಹೋಗುತ್ತದೆ. ಆಗಸ್ಟ್‌ನಲ್ಲಿ ಹಿಮವಿಲ್ಲವಲ್ಲ, ಅವಸರವೇಕೆ ಎಂದುಕೊಂಡೆ. ಮನೆಯಲ್ಲಿ ಅವಲಕ್ಕಿ ತಿಂದು, ಕಾಫಿ ಕುಡಿದು, ಬೆಳಗ್ಗೆ ಒಂಬತ್ತರ ಹೊತ್ತಿಗೆ ನಡಿಗೆ ಆರಂಭಿಸಿದೆವು. ತಲಾ ಎರಡು ಲೀಟರ್ ನೀರು, ಏಕೆಂದರೆ ಅಂದು ಅಷ್ಟೇ ಸಾಕಾಗಿತ್ತು. ಕೈಗವಸು ಇಲ್ಲ, ಏಕೆಂದರೆ ನನ್ನ ತಲೆಯಲ್ಲಿ ಕೈಗವಸು ಎಂದರೆ ಚಳಿಗೆ ಹಾಕಿಕೊಳ್ಳುವುದು. ಆ ಬಂಡೆಗಳು ಅಂಗೈ ತರಿದುಹಾಕುತ್ತವೆ ಎಂದು ಹೊಳೆಯಲೇ ಇಲ್ಲ. ತಲೆದೀಪ ನನ್ನ ಬ್ಯಾಗಿನಲ್ಲಿದ್ದದ್ದು ಒಂದೇ. ಮತ್ತೆ ಇಳಿಯುವುದಕ್ಕೆ ನಾನು ಇಟ್ಟುಕೊಂಡಿದ್ದ ಹೊತ್ತು, ಜಾರುತ್ತಾ ಇಳಿದಾಗ ತಗುಲಿದ ಹೊತ್ತು. ಎಲ್ಲಕ್ಕಿಂತ ಕೆಟ್ಟದ್ದು ಇದೇ. ಬಂಡೆಗಳ ಮೇಲೆ ಇಳಿಯುವುದು ಹತ್ತುವಷ್ಟೇ ನಿಧಾನ, ದಣಿದವರಿಗೆ ಅದಕ್ಕಿಂತಲೂ ನಿಧಾನ.

ತುದಿಯಲ್ಲಿ ಜ್ವಾಲಾಮುಖಿ ಕುಳಿಯ ಅಂಚನ್ನು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ ದಾಟಿತ್ತು. ಆ ನೋಟದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಆದರೆ ನಿಮ್ಮ ಗೆಳೆಯರು ಕೇಳುವುದು ಖಂಡಿತ. ಅಕ್ಕ ಮೊದಲು ಕೇಳಿದ್ದು "ಬೆಟ್ಟದ ಉಳಿದ ಭಾಗ ಎಲ್ಲಿ?" ಎಂದು. ಉತ್ತರದ ಮಗ್ಗುಲು ಇಡಿಯಾಗಿ ಇಲ್ಲ. 1980ರ ಮೇ 18, ಭಾನುವಾರ ಬೆಳಗ್ಗೆ 8.32ಕ್ಕೆ ಭೂಕಂಪವಾಗಿ ಆ ಮಗ್ಗುಲು ಕುಸಿಯಿತು. ಒಳಗೆ ಒತ್ತಡದಲ್ಲಿದ್ದುದೆಲ್ಲ ಪಕ್ಕಕ್ಕೆ ಸಿಡಿಯಿತು. 57 ಜನ ಸತ್ತರು. ಉತ್ತರದ ಬೆಟ್ಟಸಾಲಿನಲ್ಲಿ ಕಾವಲಿಗಿದ್ದ ವಿಜ್ಞಾನಿ ಡೇವಿಡ್ ಜಾನ್‌ಸ್ಟನ್ ಅವರಲ್ಲೊಬ್ಬರು. ಶಿಖರದ ಸುಮಾರು 1,300 ಅಡಿ ಎತ್ತರ ಆ ಬೆಳಗ್ಗೆ ಇಲ್ಲವಾಯಿತು. ಈಗ ಒಳಗೆ 2004ರಿಂದ 2008ರವರೆಗೆ ಉಬ್ಬಿ ಬೆಳೆದ ಲಾವಾ ಗುಮ್ಮಟ, ಅದರ ಸುತ್ತ 1980ರ ನಂತರ ಹುಟ್ಟಿದ ಹಿಮನದಿ, ಆಚೆ ಸ್ಪಿರಿಟ್ ಸರೋವರ. ಅಂದು ಉರುಳಿದ ಮರದ ದಿಮ್ಮಿಗಳು ಇಂದಿಗೂ ಅದರ ಮೇಲೆ ತೇಲುತ್ತಿವೆ. ಅದರಾಚೆ ರೇನಿಯರ್ ಪರ್ವತ. ಕುಳಿಯ ಗೋಡೆಯಿಂದ ಕಲ್ಲುಗಳು ಉರುಳುವ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು, ಉರುಳಿದಲ್ಲೆಲ್ಲ ಧೂಳೇಳುತ್ತಿತ್ತು. ಅಕ್ಕ ಬಾಟಲಿ ತಲೆಕೆಳಗು ಮಾಡಿ ಕೊನೆಯ ಗುಟುಕು ಕುಡಿದದ್ದು ಅಲ್ಲೇ.

ಇಳಿಯುವಾಗ ನಾನು ಮುಂದೆ, ಕಂಬಗಳನ್ನು ಹುಡುಕುತ್ತಾ. ಭಾವ ಹಿಂದೆ. ಅಕ್ಕ "ಇನ್ನೆಷ್ಟು ದೂರವೋ?" ಎಂದಾಗಲೆಲ್ಲ "ಇನ್ನೇನು ಬಂತು" ಎನ್ನುತ್ತಿದ್ದೆ. ಬಂಡೆಗಳ ಕೊನೆಯ ಭಾಗದಲ್ಲಿ ಭಾವ ಬಲಗೈ ಊರಿ ಮೈ ಇಳಿಸಿದ ಕಲ್ಲು ಅಲುಗಿತು. ಬಿದ್ದದ್ದೂ ಹೆಚ್ಚೇನಲ್ಲ, ಒಂದಾಳಿನ ಅರ್ಧ ಎತ್ತರ. ನಾನು ತಿರುಗಿ ಹತ್ತಿ ಹೋಗುವಷ್ಟರಲ್ಲಿ ಕೈಯನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ಕುಳಿತಿದ್ದರು. ಬ್ಯಾಗಿನ ಬೆನ್ನಿಗಿದ್ದ ಸ್ಪಂಜಿನ ಹಾಳೆಯನ್ನು ಎಳೆದು ತೆಗೆದು ಮಣಿಕಟ್ಟಿಗೆ ಸುತ್ತಿ, ಅಕ್ಕನ ದುಪಟ್ಟಾದಲ್ಲಿ ತೂಗುಹಾಕಿದೆವು. ಕಾಡಿನ ಅಂಚು ಮುಟ್ಟುವಾಗ ಕತ್ತಲಾಗಿತ್ತು. ಉಳಿದ ಮೂರು ಕಿಲೋಮೀಟರನ್ನು ಒಂದು ತಲೆದೀಪ ಮತ್ತು ಹುಡುಗನ ಮೊಬೈಲ್ ಬೆಳಕಿನಲ್ಲಿ ನಡೆದೆವು. ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ಆ ವರ್ಷದ ಅಡಿಕೆ ಕೊನೆಕೊಯ್ಲಿನಲ್ಲಿ ಅವರಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಲಾಗಲಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಈಗ ನಿಮ್ಮ ವಿಷಯ. ಎಷ್ಟು ವಾರದ ತರಬೇತಿ ಎಂಬುದನ್ನು ಪಕ್ಕಕ್ಕಿಡಿ. ಹತ್ತುವ ಹಿಂದಿನ ದಿನವೋ ಹಿಂದಿನ ವಾರವೋ ಅವರನ್ನು ಅದೇ ಬೆಟ್ಟದ ದಕ್ಷಿಣದ ಬುಡದಲ್ಲಿರುವ ಏಪ್ ಕೇವ್‌ಗೆ ಕರೆದೊಯ್ಯಿರಿ. ಸುಮಾರು 2,000 ವರ್ಷದ ಹಿಂದೆ ಹರಿದ ಲಾವಾ ಬಿಟ್ಟುಹೋದ ಸುರಂಗ ಅದು. ಬೇಸಿಗೆಯಲ್ಲೂ ಒಳಗೆ ಐದಾರು ಡಿಗ್ರಿ ಚಳಿ, ಮುಂಗಡ ಕಾದಿರಿಸಬೇಕು. ಕೆಳಗಿನ ಗುಹೆ ಸುಲಭ. ನೀವು ಮೇಲಿನ ಗುಹೆಗೇ ಹೋಗಿ. ಅಲ್ಲಿ ಕುಸಿದ ಬಂಡೆಗಳ ರಾಶಿಗಳನ್ನು ಒಂದಾದ ಮೇಲೊಂದು ಹತ್ತಿ ಇಳಿಯಬೇಕು. ಯಾರು ಕೈಯೂರಿ ಇಳಿಯಲು ಅಂಜುತ್ತಾರೆ, ಯಾರು ಅಂಜದೆ ಹಾರುತ್ತಾರೆ, ಎರಡೂ ಅಲ್ಲಿ ಗೊತ್ತಾಗಿಬಿಡುತ್ತದೆ. ಜಿಮ್ಮಿನಲ್ಲಿ ತಿಂಗಳುಗಟ್ಟಲೆ ಓಡಿದರೂ ಇದು ಗೊತ್ತಾಗುವುದಿಲ್ಲ. ಆ ಗುಹೆಯೇ ಬೇಡವೆನಿಸಿದವರಿಗೆ ಮಾನಿಟರ್ ರಿಡ್ಜ್ ಬೇಡ. ಅವರನ್ನು ಪಕ್ಕದ ಜೂನ್ ಲೇಕ್‌ಗೆ ಕಳಿಸಿ, ಪುಟ್ಟ ಜಲಪಾತವಿದೆ, ಸಣ್ಣ ನಡಿಗೆ, ಅದೂ ಇದೇ ಬೆಟ್ಟವೇ.

ಬೇಸಿಗೆಯಲ್ಲಿ ದಿನಕ್ಕೆ 110 ಜನರಿಗಷ್ಟೇ ಪರವಾನಗಿ ಕೊಡುವುದರಿಂದ, ಸಿಕ್ಕಿದ ದಿನವನ್ನು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ನನಗೂ ಬಂದಿರಲಿಲ್ಲ. ಹೊಗೆ ಕವಿದಿದ್ದರೆ, ಬಿಸಿಲು ವಿಪರೀತವಾದರೆ ಬಿಟ್ಟುಬಿಡಿ. ಆ ಹಣ ಹೋದರೆ ಹೋಗಲಿ.

ನಸುಕಿನಲ್ಲಿ ನಾಲ್ಕೂವರೆ, ಐದಕ್ಕೆಲ್ಲ ಹೊರಡಿ. ಹನ್ನೆರಡಕ್ಕೆ ಎಲ್ಲಿರುತ್ತೀರೋ ಅಲ್ಲಿಂದ ತಿರುಗಿ, ಅಂಚು ಕಣ್ಣೆದುರೇ ಇದ್ದರೂ. ಬೂದಿಯ ಇಳಿಜಾರಿನಲ್ಲಿ ಅಂಚು ಯಾವಾಗಲೂ ಕಣ್ಣೆದುರೇ ಇರುತ್ತದೆ. ತಲಾ ನಾಲ್ಕು ಲೀಟರ್ ನೀರು, ತಲಾ ಒಂದು ತಲೆದೀಪ, ತೋಟದ ಕೆಲಸಕ್ಕೆ ಸಿಗುವ ದಪ್ಪ ಕೈಗವಸು, ಬೂದಿ ಬೂಟಿನೊಳಗೆ ಇಳಿಯದಂತೆ ಕಾಲಿಗೆ ಸುತ್ತುವ ಗೇಟರ್, ಗಾಳಿಗೆ ಕಣ್ಣು ಮುಚ್ಚುವ ಕನ್ನಡಕ. ಅಂಚಿನಲ್ಲಿ ಮೇ ತಿಂಗಳಲ್ಲಿ ಚಾಚಿಕೊಂಡ ಹಿಮದ ಚಪ್ಪರಕ್ಕೆ ಹೆದರಿ ನೀವು ದೂರ ನಿಂತಿರುತ್ತೀರಿ. ಆಗಸ್ಟ್‌ನಲ್ಲಿ ನೆಲ ಗಟ್ಟಿಯಾಗಿ ಕಾಣುತ್ತದೆ, ಆದರೆ ಅದೂ ಸಡಿಲ. ಫೋಟೋ ತೆಗೆಸಿಕೊಳ್ಳಲು ಹಿಂದೆ ಹಿಂದೆ ಸರಿಯುವವರ ಮೇಲೆ ಕಣ್ಣಿಡಿ.

ನಾನು ಬಿಡದೆ ಒತ್ತಾಯಿಸುವುದು ಒಂದನ್ನು. ನೀವು ಸಾಲಿನ ಕೊನೆಯಲ್ಲಿ ನಡೆಯಬೇಕು. ದಾರಿ ಗೊತ್ತಿದ್ದವರು ಮುಂದಿರಬೇಕೆಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮುಂದಿನ ಕಂಬವನ್ನು ಯಾರು ಬೇಕಾದರೂ ಹುಡುಕಬಹುದು. ಭಾವನ ಕಾಲು ನಡುಗಲು ಆರಂಭಿಸಿದ್ದನ್ನು ನೋಡಲು ಅವರ ಹಿಂದೆ ಒಬ್ಬರು ಬೇಕಿತ್ತು. ಒಬ್ಬರು ಸಾಕೆಂದರೆ ಅವರೊಂದಿಗೆ ಕೆಳಗಿಳಿಯುವವರು ನೀವೇ ಎಂಬುದನ್ನೂ ಹೊರಡುವ ಮೊದಲೇ ಎಲ್ಲರ ಮುಂದೆ ಹೇಳಿಬಿಡಿ. ನೀವು ಅಂಚನ್ನು ಒಮ್ಮೆ ನೋಡಿಯಾಗಿದೆ. ದೂರ ಎಷ್ಟೆಂದು ಕೇಳಿದರೆ ನಿಜ ಹೇಳಿ.

ಹಿಂದಿನ ರಾತ್ರಿ ಕೂಗರ್ ಊರಿನ ಸುತ್ತಮುತ್ತ ತಂಗಿದರೆ ನಸುಕಿಗೆ ಹೊರಡುವುದು ಕಷ್ಟವಾಗದು. ನೀರನ್ನು ಅಲ್ಲಿಯೇ ತುಂಬಿಕೊಳ್ಳಿ, ಕ್ಲೈಂಬರ್ಸ್ ಬಿವುವಾಕ್‌ನಲ್ಲಿ ನಲ್ಲಿ ಇಲ್ಲ.