ಆಗುಂಬೆ ಇಳಿದು ಗೋಕರ್ಣಕ್ಕೆ ಸೈಕಲ್ ಪ್ರವಾಸ: ಟ್ರೇಲರೋ, ಪ್ಯಾನಿಯರೋ?

ಶಿವಮೊಗ್ಗದಿಂದ ಆಗುಂಬೆ ಇಳಿದು ಉಡುಪಿ, ಅಲ್ಲಿಂದ ಕರಾವಳಿ ಹಿಡಿದು ಗೋಕರ್ಣ. ಸಾಮಾನು ಸುಮಾರು 15 ಕೆ.ಜಿ., ವಾಪಸ್ ಬರೋದು ಬಸ್ಸಿನಲ್ಲಿ. ಇದಕ್ಕೆ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಒಳ್ಳೆಯದಾ, ಕ್ಯಾರಿಯರ್‌ನ ಎರಡೂ ಪಕ್ಕ ನೇತು ಹಾಕುವ ಪ್ಯಾನಿಯರ್ ಚೀಲ ಒಳ್ಳೆಯದಾ ಅಂತ ಕೇಳಿದ್ದೀರಿ. ಬಸ್ಸು ಅಂದಿರಲ್ಲ, ಅಲ್ಲೇ ಉತ್ತರ ಇದೆ. ಪ್ಯಾನಿಯರ್ ತಗೊಳ್ಳಿ.

ನಾನು ಇದೇ ದಾರಿಯಲ್ಲಿ ಒಂದೊಂದು ಸಲ ಒಂದೊಂದನ್ನು ಕಟ್ಟಿಕೊಂಡು ಹೋಗಿದ್ದೇನೆ. ಮೊದಲ ಸಲ ಗೆಳೆಯನ ಹತ್ತಿರ ಒಂಟಿ ಚಕ್ರದ ಟ್ರೇಲರ್ ಎರವಲು ಪಡೆದಿದ್ದೆ. ತೀರ್ಥಹಳ್ಳಿವರೆಗೆ ಅದು ಹಿಂದೆ ಇದೆ ಅನ್ನೋದೇ ಮರೆತುಹೋಗಿತ್ತು. ಭಾರ ನೆಲಕ್ಕೆ ಹತ್ತಿರ ಇರುತ್ತದೆ, ಹ್ಯಾಂಡಲ್ ಹಗುರ. ಹಿಂದೆ ಬಾವುಟ ಹಾರಾಡುತ್ತಿದ್ದುದಕ್ಕೋ ಏನೋ, ಬಸ್ಸಿನವರೂ ಸ್ವಲ್ಪ ಸರಿದೇ ಹೋಗುತ್ತಿದ್ದರು.

ಪೇಚಾಟ ಶುರುವಾಗಿದ್ದು ಆಗುಂಬೆಯ 14 ತಿರುವುಗಳಲ್ಲಿ. ಟ್ರೇಲರ್‌ಗೆ ಬ್ರೇಕ್ ಇಲ್ಲ. ಇಳಿಜಾರಲ್ಲಿ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಆಗುತ್ತದೆ. ವೇಗ ಜಾಸ್ತಿಯಾದರೆ ಬಾಲ ಆಚೀಚೆ ಹೊಯ್ದಾಡುತ್ತದೆ. ಎರಡೆರಡು ತಿರುವಿಗೆ ನಿಂತು ರಿಮ್ ಮುಟ್ಟಿ ನೋಡುತ್ತಿದ್ದೆ, ದೋಸೆ ಹೆಂಚಿನ ಹಾಗೆ ಕಾದಿರುತ್ತಿತ್ತು. ಉಡುಪಿಯ ಲಾಡ್ಜಿನಲ್ಲಿ ಎರಡನೇ ಮಹಡಿಗೆ ಸೈಕಲ್, ಚೀಲ, ಟ್ರೇಲರ್ ಅಂತ ಮೂರು ಸಲ ಮೆಟ್ಟಿಲು ಹತ್ತಿದೆ. ವಾಪಸ್ ಬರುವಾಗ ಕಂಡಕ್ಟರ್ ಸೈಕಲ್ಲಿಗೆ ಒಪ್ಪಿದರು. ಟ್ರೇಲರ್ ನೋಡಿ, "ಇದೇನ್ರೀ, ಗಾಡೀನೂ ಕಟ್ಕೊಂಡು ಬಂದಿದ್ದೀರಾ?" ಅಂದರು. ಅದಕ್ಕೆ ಬೇರೆ ಲಗೇಜ್ ಟಿಕೆಟ್ ಆಯಿತು.

ಖಾಲಿ ಟ್ರೇಲರೇ 6 ಕೆ.ಜಿ. ತೂಗುತ್ತದೆ. ಕ್ಯಾರಿಯರ್ ಮತ್ತು ಒಂದು ಜೊತೆ ಚೀಲ ಸೇರಿದರೂ 3 ಕೆ.ಜಿ. ಆಸುಪಾಸು. ಜೊತೆಗೆ ಟ್ರೇಲರಿನಲ್ಲಿ ಜಾಗ ಇದೆಯಲ್ಲ ಅಂತ ಏನೇನೋ ತುಂಬುತ್ತೇವೆ. ನಾನು ಮಡಚುವ ಸ್ಟೂಲ್ ಒಯ್ದಿದ್ದೆ. ಒಂದು ದಿನವೂ ಕೂರಲಿಲ್ಲ.

ಹಾಗಂತ ಪ್ಯಾನಿಯರ್‌ನಲ್ಲಿ ತೊಂದರೆ ಇಲ್ಲ ಅಂತಲ್ಲ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಅಲ್ಲಿ ಗಾಳಿ ಚೀಲಕ್ಕೆ ಬಡಿದು ಸೈಕಲ್ಲನ್ನೇ ಪಕ್ಕಕ್ಕೆ ತಳ್ಳಿತ್ತು. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ ಬೀಳುವುದರಿಂದ ಕಡ್ಡಿ ಮುರಿಯುವುದೂ ಉಂಟು, ಅದೂ ಚೈನ್ ಇರುವ ಕಡೆಯೇ. ಹೊರಡುವ ಮುಂಚೆ ಚಕ್ರದ ಬೆಂಡ್ ತೆಗೆಸಿ, ಕಡ್ಡಿ ಬಿಗಿ ಮಾಡಿಸಿ. ಭಾರದ ಸಾಮಾನು ಚೀಲದ ತಳದಲ್ಲಿರಲಿ, ಎರಡೂ ಕಡೆ ತೂಕ ಸಮ ಇರಲಿ. ಪೆಡಲ್ ಮಾಡುವಾಗ ಹಿಮ್ಮಡಿ ತಾಗದಷ್ಟು ಚೀಲವನ್ನು ಹಿಂದಕ್ಕೆ ಸರಿಸಿ. ನಮ್ಮ ಹಂಪುಗಳ ದೆಸೆಯಿಂದ ಕ್ಯಾರಿಯರ್ ಬೋಲ್ಟ್ ಸಡಿಲವಾಗುತ್ತದೆ, ದಿನಾ ಬೆಳಿಗ್ಗೆ ಒಮ್ಮೆ ಬಿಗಿ ಮಾಡಿ. ಮಳೆಗೆ ದುಬಾರಿ ಚೀಲವೇ ಬೇಕಂತಿಲ್ಲ. ಗೊಬ್ಬರದ ಚೀಲದೊಳಗೆ ಬರುವ ಪ್ಲಾಸ್ಟಿಕ್ ಲೈನಿಂಗ್ ತೊಳೆದು ಒಣಗಿಸಿ, ಬಟ್ಟೆ ಅದರೊಳಗೆ ಹಾಕಿ ಬಾಯಿ ಕಟ್ಟಿದರೆ ಸಾಕು.

ಟ್ರೇಲರ್ ಬೇಕೇ ಬೇಕು ಅನ್ನುವ ಸಂದರ್ಭಗಳೂ ಇವೆ. ಕಾರ್ಬನ್ ಫ್ರೇಮ್, ಹಿಂದೆ ಸಸ್ಪೆನ್ಶನ್ ಇರುವ ಸೈಕಲ್ಲುಗಳಿಗೆ ಸಾಮಾನ್ಯ ಕ್ಯಾರಿಯರ್ ಹೆಚ್ಚಾಗಿ ಕೂರುವುದಿಲ್ಲ. ಹಾಗಾಗಿ ಕೊಳ್ಳುವ ಮುಂಚೆ ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸಲ್ ಹತ್ತಿರ, ಸೀಟಿನ ಕೆಳಗೆ ಎರಡೂ ಕಡೆ ಬೋಲ್ಟ್ ಹಾಕುವ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಸೈಕಲ್ ಯಾವುದು ಅಂತ ಇಲ್ಲೇ ಬರೆಯಿರಿ, ಏನು ಮಾಡಬಹುದು ನೋಡೋಣ.